ದುಃಖತಪ್ತರ ಪಟ್ಟಿಯಲ್ಲಿ ಮೊದಲ ಹೆಸರು

ಸಾವಿನ ಮನೆಗೆ ಹೋದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ನೀವು ಅವರಿಗೆ ಏನಾಗಬೇಕು?" ನಮ್ಮ ಕಡೆ ಇದು ಕೊಂಕು ಪ್ರಶ್ನೆ ಅಲ್ಲ. ಎಲ್ಲಿ ಕೂರಿಸಬೇಕು, ಒಳಗೆ ಕರೆದುಕೊಂಡು ಹೋಗಬೇಕಾ ಅಂತ ತಿಳಿಯಲು ಕೇಳುವುದು. ಆದರೆ ಇದಕ್ಕೆ ಉತ್ತರ ಹೇಳಲು ಆಗದವರು ಇದ್ದಾರೆ. ಹತ್ತು ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಬಾಳಿ, ಕೊನೆಗೆ "ಫ್ರೆಂಡ್" ಅಂತ ಹೇಳಿ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವವರು. ಮಂಗಳೂರಿನಲ್ಲಿ ಆಪ್ತಸಲಹೆ ಮಾಡುವ ನನ್ನ ಬಳಿ ಇಂಥವರು ಬರುವುದು ಹೊಸತಲ್ಲ. ಗಂಡಸರೂ ಬರುತ್ತಾರೆ, ಹೆಂಗಸರೂ ಬರುತ್ತಾರೆ. ಹೆಚ್ಚಿನವರು ಹೇಳುವುದು "ನಿದ್ದೆ ಬರ್ತಿಲ್ಲ" ಅಂತ ಮಾತ್ರ. ಸತ್ತವರು ಯಾರು ಅನ್ನುವುದು ನಿಧಾನಕ್ಕೆ ಹೊರಗೆ ಬರುತ್ತದೆ.

ಈ ಪ್ರಕರಣ ಬರೆಯಲು ಇನ್ನೊಂದು ಕಾರಣ ಉಂಟು. ಇಲ್ಲಿ ಮೊದಲು ನನ್ನ ಬಳಿ ಬಂದವರು ಸತ್ತವಳ ಗೆಳೆಯರು. ಒಳ್ಳೆಯವರು, ಓದಿಕೊಂಡವರು. ಅವಳ ಸಂಗಾತಿಯನ್ನು ಪ್ರೀತಿಯಿಂದಲೇ ಬದಿಗೆ ಸರಿಸಿದ್ದರು. ಹೆಸರು, ಕೆಲಸ, ಊರು ಎಲ್ಲ ಬದಲಿಸಿದ್ದೇನೆ. ಆ ಸಂಗಾತಿ, ಸುಧಾ ಅಂತ ಕರೆಯೋಣ, ಓದಿ ಒಪ್ಪಿದ ಮೇಲೆಯೇ ಇದನ್ನು ಪ್ರಕಟಿಸುತ್ತಿದ್ದೇನೆ.

ಮಾಲಿನಿ ಕಲಾವಿದೆ. ನಲವತ್ತು ದಾಟಿತ್ತು. ಕಾವಿ ಕಲೆ ಮಾಡುತ್ತಿದ್ದಳು. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ನೀವು ನೋಡಿರಬಹುದು, ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಬಣ್ಣದ ಬಳ್ಳಿ, ಆನೆ, ದೇವರು. ಸುಣ್ಣದ ಗಾರೆ ಹಚ್ಚಿ, ಮೇಲೆ ಕೆಂಪು ಬಳಿದು, ಒದ್ದೆ ಆರುವ ಮೊದಲೇ ಚೂಪು ಮೊನೆಯಿಂದ ಕೆರೆದು ಅಡಿಯ ಬಿಳಿಯನ್ನು ಹೊರಗೆ ತರಬೇಕು. ಒಣಗಿತೋ, ಮುಗೀತು. ಮಾಲಿನಿ ಇದನ್ನು ಗೋಡೆಯಿಂದ ಮರದ ಹಲಗೆಗೆ ಇಳಿಸಿದ್ದಳು. ದೇವರಿದ್ದ ಜಾಗದಲ್ಲಿ ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರು, ಸ್ಟೇಟ್‌ಬ್ಯಾಂಕ್ ಹತ್ತಿರ ಸಿಟಿ ಬಸ್ಸಿಗೆ ಕಾಯುವವರು ಬಂದರು. ಅವಳು ಕೆರೆಯಲು ಕೂತಾಗ ಪಕ್ಕದಲ್ಲಿ ಗಾರೆ ಅರೆದು ಹದ ಮಾಡಿ ಕೊಡುತ್ತಿದ್ದವಳು ಸುಧಾ.

ಸುಧಾ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಮಂಗಳೂರಿನ ಬಿಜೈ ಕಡೆ ಇಬ್ಬರದ್ದೂ ಒಂದೇ ಬಾಡಿಗೆ ಮನೆ. ಮನೆ ಓನರಿಗೆ "ದೊಡ್ಡಮ್ಮನ ಮಗಳು" ಅಂತ ಹೇಳಿಯಾಗಿತ್ತು. ಮಾಲಿನಿಯ ತಾಯಿ ಮತ್ತು ಅಣ್ಣ ಉಡುಪಿ ಕಡೆಯ ಹಳ್ಳಿಯಲ್ಲಿ. ಅವರಿಗೆ ಗೊತ್ತಿತ್ತಾ? ಗೊತ್ತಿತ್ತು, ಯಾರೂ ಹೇಳಿರಲಿಲ್ಲ. ಇಂಥ ಮನೆಗಳು ಎಷ್ಟು ಅಂತ ನಮ್ಮ ವೃತ್ತಿಯವರನ್ನು ಕೇಳಿ. ಕಾಯಿಲೆ ಬಂದು ಕೆಲವೇ ತಿಂಗಳಲ್ಲಿ ಮಾಲಿನಿ ಹೋದಳು. ಆಸ್ಪತ್ರೆಯ ಕಾಗದಗಳಿಗೆಲ್ಲ ಅಣ್ಣನೇ ಸಹಿ ಹಾಕಿದ. ಪತ್ರಿಕೆಯಲ್ಲಿ ಫೋಟೋ ಬಂತು. ಕೆಳಗೆ "ದುಃಖತಪ್ತರು" ಅಂತ ತಾಯಿ, ಅಣ್ಣ, ಅತ್ತಿಗೆ, ಮಕ್ಕಳ ಹೆಸರು, ಕೊನೆಗೆ "ಹಾಗೂ ಬಂಧುಮಿತ್ರರು". ಸುಧಾ ಆ ಕೊನೆಯ ಪದದೊಳಗೆ ಇದ್ದಳು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ವಾರವೇ ಅಣ್ಣ ಪಿಕಪ್ ತಂದು ಹಲಗೆಗಳು, ಸ್ಕೆಚ್ ಪುಸ್ತಕಗಳು ಎಲ್ಲ ತುಂಬಿಸಿಕೊಂಡು ಹೋದ.

ಗೆಳೆಯರು ಬಂದದ್ದು ನುಡಿನಮನದ ವಿಷಯಕ್ಕೆ. ಅವರಲ್ಲಿ ಎರಡು ಪಂಗಡ ಆಗಿತ್ತು. ಕಿರಣ್ ಅಂತ ಕರೆಯೋಣ, ಇಪ್ಪತ್ತರ ಹರೆಯದ ಹುಡುಗ, ಮಾಲಿನಿಯಿಂದಲೇ ಚಿತ್ರ ಕಲಿತವನು. ಬ್ಯಾನರಿನಲ್ಲೇ "ಲೆಸ್ಬಿಯನ್ ಕಲಾವಿದೆ" ಅಂತ ಇರಬೇಕು ಅನ್ನುವುದು ಅವನ ಹಟ. "2018ರ ಸೆಪ್ಟೆಂಬರ್ 6ಕ್ಕೆ ಸಲಿಂಗಕಾಮ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ದಿನ ಅಕ್ಕ ನಮಗೆಲ್ಲ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದ್ರು. ಅವ್ರನ್ನು ಈಗ ಬರೀ ಕಲಾವಿದೆ ಅಂತ ಮಾಡಿ ಕಳಿಸ್ಬೇಕಾ?" ಇನ್ನೊಂದು ಕಡೆ ನಿವೃತ್ತ ಟೀಚರ್ ಒಬ್ಬರು. "ಸುಧಾ ಮರುದಿನ ಶಾಲೆಗೆ ಹೋಗ್ಬೇಕು ಮಾರಾಯಾ. ನಿಂಗೆ ಕ್ರಾಂತಿ, ಅವಳಿಗೆ ಸಂಬಳ." ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ನಾನು ಕೇಳಿದೆ, "ಸುಧಾ ಏನು ಹೇಳ್ತಾರೆ?" ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ತುಂಬ ಬೇಜಾರಲ್ಲಿದ್ದಾಳೆ, ತೊಂದರೆ ಕೊಡುವುದು ಬೇಡ ಅಂತ ಕೇಳಲೇ ಇಲ್ಲವಂತೆ. ಮುಂದಿನ ಸಲ ಅವಳನ್ನೂ ಕರೆದುಕೊಂಡು ಬನ್ನಿ, ಅವಳಿಗೆ ಮನಸ್ಸಿದ್ದರೆ ಮಾತ್ರ, ಅಂದೆ.

ಬಂದಳು. ನಾನು ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕಿರುವುದು ಆ ಒಂದು ಭೇಟಿಯನ್ನು.

ನನ್ನ ರೂಮಿನಲ್ಲಿ ಅಷ್ಟು ಕುರ್ಚಿ ಇಲ್ಲ. ಚಾಪೆ ಹಾಸಿ ಎಲ್ಲರೂ ಕೂತರು. ಸುಧಾ ಬಾಗಿಲ ಪಕ್ಕ ಕೂತಳು, ಬ್ಯಾಗ್ ಹೆಗಲಿಂದ ತೆಗೆಯಲೇ ಇಲ್ಲ. ಆಮಂತ್ರಣದ ಕರಡು ಕೈಯಿಂದ ಕೈಗೆ ಹೋಯಿತು. ಸ್ವಾಗತ ಯಾರು, ಪುಷ್ಪನಮನ ಯಾರು, ಮುಖ್ಯ ಮಾತು ಯಾರು, ಧನ್ಯವಾದ ಯಾರು, ಎಲ್ಲ ಇತ್ತು. ಕಿರಣ್ ಮತ್ತು ಟೀಚರ್ ಮತ್ತೆ ಶುರು ಮಾಡಿದರು. ಸುಧಾಗೆ ಹೀಗಾದರೆ ಹೇಗೆ, ಸುಧಾಗೆ ಹಾಗಾದರೆ ಹೇಗೆ. ಅವಳು ಎದುರಿಗೇ ಇದ್ದಾಳೆ!

ನಾನು ನಡುವೆ ಬಾಯಿ ಹಾಕಿದೆ. "ಸುಧಾ, ಆ ದಿನ ನೀವು ಎಲ್ಲಿ ಕೂರ್ತೀರಿ?"

ಕರಡನ್ನು ತೆಗೆದುಕೊಂಡು ಮೇಲಿಂದ ಕೆಳಗೆ ಓದಿದಳು. ಮತ್ತೆ ಹೇಳಿದಳು, "ಇದ್ರಲ್ಲಿ ನಂಗೆ ಚಹಾ ವ್ಯವಸ್ಥೆ ಇರ್ಬೇಕು. ಬೊಜ್ಜಕ್ಕೂ ನೆಂಟರ ಹಾಗೆ ಹೋದೆ. ಅವರಮ್ಮನೇ ಬಡಿಸಿದ್ರು. ಪಂಕ್ತಿಯಲ್ಲಿ ಉಂಡು, ಕೈ ತೊಳೆದು, ಬಸ್ ಹತ್ತಿ ಬಂದೆ. ನಿಮ್ಮದಕ್ಕೂ ನೆಂಟರ ಹಾಗೆ ಬರ್ಲಾ?"

ಟೀಚರ್ ಅಳಲು ಶುರು ಮಾಡಿದರು. ಅಳುವವರನ್ನು ಸುಧಾಳೇ ಸಮಾಧಾನ ಮಾಡಲು ಹೊರಟಾಗ ನಾನು ಬೇಡ ಅಂತ ಸನ್ನೆ ಮಾಡಿದೆ. ಇದು ನೋಡಲು ಸಣ್ಣ ವಿಷಯ. ಆದರೆ ಇಂಥ ಸಾವಿನಲ್ಲಿ ಸಂಗಾತಿಯೇ ಉಳಿದವರ ಕಣ್ಣು ಒರೆಸುತ್ತಾ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ತಮ್ಮ ಅಳುವಿಗೆ ಜಾಗ ಇಲ್ಲದವರು ಬೇರೆಯವರ ಅಳುವಿನಲ್ಲಿ ಕೆಲಸ ಹುಡುಕಿಕೊಳ್ಳುತ್ತಾರೆ.

ಆಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು, ಯಾರಿಗೂ ಹೇಳಿರಲಿಲ್ಲ. ಮಾಲಿನಿಯ ತಾಯಿ ಫೋನ್ ಮಾಡಿದ್ದರು. ಅಣ್ಣನ ಮಗಳ ಸಂಬಂಧ ಎರಡು ಸಲ ಕೂಡಿಬಂದು ತಪ್ಪಿದೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ, ಮದುವೆಯಾಗದೆ ಹೋದ ಹೆಣ್ಣಿನ ಅತೃಪ್ತಿ ಕಾಣುತ್ತಿದೆ ಅಂತ ಬಂತಂತೆ. ಆಟಿಯಲ್ಲಿ ಪ್ರೇತ ಮದುವೆ ಮಾಡಿಸಬೇಕು, ಹಾಗೆಯೇ ಮದುವೆಯಾಗದೆ ಹೋದ ಒಬ್ಬ ಗಂಡಿನ ಮನೆಯವರ ಜೊತೆ ಮಾತು ನಡೆದಿದೆ. ಅಮ್ಮ ತುಳುವಿನಲ್ಲಿ ಕೇಳಿದ್ದು ಇಷ್ಟೇ, "ಅವಳಿಗೆ ಯಾವ ಬಣ್ಣದ ಸೀರೆ ಇಷ್ಟ? ನಿಂಗೆ ಗೊತ್ತಿರ್ತದಲ್ಲ ಮಗಾ."

ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ತುಳುನಾಡಿನಲ್ಲಿ ಮದುವೆಯಾಗದೆ ಸತ್ತವರಿಗೆ ಜೋಡಿ ಹುಡುಕಿ ಮದುವೆ ಮಾಡುವ ಕ್ರಮ ಉಂಟು. ಬದುಕಿರುವವರ ಮದುವೆಯ ಹಾಗೆಯೇ ಜಾತಿ ನೋಡುತ್ತಾರೆ, ಬಳಿ ಅಂದರೆ ಕುಲ ನೋಡುತ್ತಾರೆ, ಸೀರೆ ತರುತ್ತಾರೆ, ಊಟ ಹಾಕುತ್ತಾರೆ. ಶುಭಕಾರ್ಯ ಇಲ್ಲದ ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಇದು ಜಾಸ್ತಿ. 2024ರಲ್ಲಿ ಪುತ್ತೂರು ಕಡೆಯ ಮನೆಯೊಂದು ಎಷ್ಟೋ ವರ್ಷ ಹಿಂದೆ ಸತ್ತ ಮಗುವಿಗೆ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು, ದೇಶವೆಲ್ಲ ಸುದ್ದಿಯಾಯಿತು. ಹೊರಗಿನವರು ನಕ್ಕರು. ಇಲ್ಲಿನವರಿಗೆ ಅದು ನಗುವ ವಿಷಯ ಅಲ್ಲ.

ಕಿರಣ್ ಎದ್ದೇ ನಿಂತ. ಅಕ್ಕನನ್ನು ಸತ್ತ ಮೇಲೂ ಗಂಡಸಿಗೆ ಕಟ್ಟುತ್ತಾರೆ, ಇದು ಹಿಂಸೆ, ಪೊಲೀಸ್ ಕಂಪ್ಲೇಂಟ್ ಕೊಡುವಾ, ಇನ್‌ಸ್ಟಾಗ್ರಾಮಿನಲ್ಲಿ ಹಾಕುವಾ. ಉಳಿದವರೂ ದನಿಗೂಡಿಸಿದರು. ಗದ್ದಲ ತಗ್ಗಲಿ ಅಂತ ಕಾದು ನಾನು ಸುಧಾಳನ್ನು ಕೇಳಿದೆ, "ನೀವು ಅಮ್ಮನಿಗೆ ಏನು ಹೇಳಿದ್ರಿ?"

"ನೋಡಿ ಹೇಳ್ತೇನೆ ಅಂದೆ."

"ಹೇಳ್ಬೇಕು ಅಂತ ಅನಿಸಿದ್ದು ಏನು?"

ಅವಳು ಬ್ಯಾಗನ್ನು ಹೆಗಲಿಂದ ತೆಗೆದು ಕೆಳಗಿಟ್ಟಳು. "ಒಂಟಿಯಾಗಿ ಹೋದವರಿಗೆ ಅಲ್ವಾ ಆ ಮದುವೆ ಮಾಡೋದು? ಅವಳು ಒಂಟಿ ಇರ್ಲಿಲ್ಲ ಅಮ್ಮ. ಅಷ್ಟೇ ಹೇಳ್ಬೇಕಿತ್ತು."

ಈ ಕೆಲಸದಲ್ಲಿ ಕೆಲವು ಮಾತು ಕೇಳಿದಾಗ, ಇನ್ನು ನಾನು ಸುಮ್ನೆ ಇರಬೇಕು ಅನಿಸುತ್ತದೆ. ಇದು ಅಂಥದ್ದು. ಒಂದು ಸಂಪ್ರದಾಯವನ್ನು ಬೈಯದೆ, ಒಪ್ಪದೆಯೂ, ಅದರ ಒಳಗಿನಿಂದಲೇ ಅವಳು ಉತ್ತರ ಹುಡುಕಿದ್ದಳು. ಮಾಲಿನಿ ತನಗೆ ಏನಾಗಬೇಕು ಅನ್ನುವುದೂ ಅದರಲ್ಲೇ ಇತ್ತು. ನಾನು ಹೇಳಿದ್ದು ಇಷ್ಟು: ಇದನ್ನು ಫೋನಿನಲ್ಲಿ ಹೇಳಬೇಡಿ, ಅಣ್ಣನ ಎದುರು ಹೇಳಬೇಡಿ, ಗುಂಪು ಕಟ್ಟಿಕೊಂಡು ಹೋಗಬೇಡಿ. ಹಗಲು ಹೊತ್ತು, ಅಮ್ಮ ಒಬ್ಬರೇ ಇರುವಾಗ ಹೋಗಿ. ಸೀರೆಯ ಪ್ರಶ್ನೆ ಕೇಳಿದವರಿಗೇ ಉತ್ತರ ಕೊಡಿ.

ಕಿರಣ್‌ಗೆ ಇದು ಸರಿ ಕಾಣಲಿಲ್ಲ. ನೀವು ಮೂಢನಂಬಿಕೆಗೆ ಸೊಪ್ಪು ಹಾಕುತ್ತಿದ್ದೀರಿ ಅಂದ. ನಂತರ ನನ್ನ ಸಹೋದ್ಯೋಗಿಯೊಬ್ಬರೂ ಅದನ್ನೇ ಹೇಳಿದರು. ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. ಸಂಗಾತಿಯನ್ನು ಕಳೆದುಕೊಂಡವಳ ಹೆಗಲ ಮೇಲೆ ಸಮಾಜ ಸುಧಾರಣೆ ಹೊರಿಸಲು ನನಗೆ ಮನಸ್ಸಿಲ್ಲ. ಬೇಕಾದವರು ಮಾಡಲಿ, ನಾನೇ ಬೇರೆ ಕಡೆ ಮಾಡುತ್ತೇನೆ. ಆ ಮದುವೆ ಬೇಡ ಅನ್ನುವ ಹಕ್ಕು ಅವಳಿಗೆ ಪೂರ್ತಿ ಇತ್ತು, ಅದನ್ನು ಬಳಸು ಅಂತಲೇ ನಾನು ಹೇಳಿದ್ದು. ಆದರೆ ಪೋಸ್ಟ್ ಹಾಕಿದ್ದರೆ ಅಮ್ಮನ ಬಾಗಿಲು ಮುಚ್ಚಿಹೋಗುತ್ತಿತ್ತು. ಮಗಳಿಗೆ ಯಾವ ಬಣ್ಣ ಇಷ್ಟ ಅಂತ ಕೇಳಲು ಅಮ್ಮನಿಗೆ ಇಡೀ ಲೋಕದಲ್ಲಿ ಸಿಕ್ಕಿದ್ದು ಒಂದೇ ನಂಬರ್, ಸುಧಾಳದ್ದು. ಗೆಳೆಯರಿಗೆ ಅದರಲ್ಲಿ ಅವಮಾನ ಕಂಡಿತು. ನನಗೆ ಕಂಡದ್ದು ಬೇರೆ.

ಇನ್ನೊಂದು ವ್ಯಾವಹಾರಿಕ ಕಾರಣವೂ ಇತ್ತು. ಪಿಕಪ್ಪಿನಲ್ಲಿ ಹೋದ ಹಲಗೆಗಳ ಹಕ್ಕುದಾರ ಅಣ್ಣ ಅಲ್ಲ. ಮದುವೆಯಾಗದ, ಉಯಿಲು ಬರೆಯದ, ತಂದೆ ತೀರಿಹೋದ ಹೆಣ್ಣಿನ ಸ್ವಂತ ಗಳಿಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿಗೆ ಹೋಗುತ್ತದೆ. ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಕಟ್ಟಿನ ಮನೆಯಾದರೂ ಹಾಗೆಯೇ. ಚಿತ್ರಗಳ ಕೃತಿಸ್ವಾಮ್ಯವೂ ವಾರಸುದಾರರಿಗೇ, ಕಲಾವಿದರು ಸತ್ತ ಮೇಲೆ 60 ವರ್ಷ. ಅಂದರೆ ಕ್ಯಾಟಲಾಗ್ ಮಾಡಲಿ, ಕ್ಯಾಲೆಂಡರಿಗೆ ಹಾಕಲಿ, ಅಮ್ಮನ ಒಪ್ಪಿಗೆ ಬೇಕು. ಸುಧಾಳ ಹೆಸರು ಎಲ್ಲೂ ಬರುವುದಿಲ್ಲ. ಮದುವೆ ಅನ್ನುವ ದಾರಿ 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸದ್ಯಕ್ಕೆ ಇಲ್ಲ.

ಗೆಳೆಯರಿಗೆ ಕೊಟ್ಟ ಸಲಹೆ ಇದಕ್ಕಿಂತ ಸರಳ. ಕಾರ್ಡಿನಲ್ಲಿ "ದುಃಖತಪ್ತರು" ಅಂತ ಹಾಕಿ. ಮೊದಲ ಹೆಸರು ಸುಧಾಳದ್ದು ಇರಲಿ, ಅವಳು ಒಪ್ಪಿದರೆ. ಮುಂದೆ ಕಂಸದಲ್ಲಿ ಗೆಳತಿ, ಸಂಗಾತಿ, ಏನೂ ಬೇಡ. ನಮ್ಮ ಊರಿನವರಿಗೆ ಆ ಪಟ್ಟಿ ಓದಲು ಬರುತ್ತದೆ. ಮೊದಲ ಸಾಲಿನ ಮೊದಲ ಕುರ್ಚಿ ಅವಳದ್ದು. ಬಂದವರು ಮೊದಲು ಅವಳ ಕೈ ಹಿಡಿಯಲಿ, ಆಮೇಲೆ ಫೋಟೋಗೆ ಹೂವು. ಭಾಷಣ ಮಾಡುವವರು ಅವಳನ್ನು ಕೇಳಿ ಮಾತಾಡಲಿ.

"ಲೆಸ್ಬಿಯನ್" ಅಂತ ಬ್ಯಾನರಿನಲ್ಲಿ ಬೇಕೋ ಬೇಡವೋ? ಇಲ್ಲಿ ನನಗೆ ಒಂದು ಗಟ್ಟಿ ಅಭಿಪ್ರಾಯ ಉಂಟು. ಸತ್ತವರು ಬದುಕಿದ್ದಾಗ ತಮ್ಮ ಬಗ್ಗೆ ಎಷ್ಟು ಹೇಳಿಕೊಂಡಿದ್ದರೋ ಅಷ್ಟನ್ನು ಧೈರ್ಯವಾಗಿ ಹೇಳಬೇಕು. ಅದಕ್ಕಿಂತ ಕಡಿಮೆ ಹೇಳಿದರೆ ಅಳಿಸಿದ ಹಾಗೆ. ಜಾಸ್ತಿ ಹೇಳಿದರೆ ನಮ್ಮ ಮಾತನ್ನು ಅವರ ಬಾಯಿಗೆ ತುರುಕಿದ ಹಾಗೆ. ಹೇಳುವುದರ ಪೆಟ್ಟು ಬದುಕಿರುವ ಒಬ್ಬಳಿಗೆ ಬೀಳುವುದಾದರೆ ಅವಳ ಮಾತೇ ಕೊನೆ. "ಹಾಗಾದ್ರೆ ಅಕ್ಕ ತನ್ನ ಬಗ್ಗೆ ಎಲ್ಲಿ ಹೇಳಿದ್ದಾರೆ, ಹುಡುಕುವಾ" ಅಂತ ಕಿರಣನೇ ಅಂದ. ಸುಧಾ ಆಗ ನೆನಪಿಸಿದಳು. ಪ್ರತಿ ಹಲಗೆಯ ಹಿಂದೆ ಮಾಲಿನಿ ಪೆನ್ಸಿಲಿನಲ್ಲಿ ತಾರೀಖು ಬರೆಯುತ್ತಿದ್ದಳು. ಅದರ ಕೆಳಗೆ "ಗಾರೆ: ಸುಧಾ". ಕೆಲವದರಲ್ಲಿ ಇನ್ನೂ ಒಂದೆರಡು ಸಾಲು. "ಸು. ಸಿಟ್ಟಿನಲ್ಲಿ ಅರೆದದ್ದು, ಗಾರೆ ತರಿ ತರಿ." "ನಮ್ಮ ಮನೆಯಲ್ಲಿ, ಮಳೆ, ಕರೆಂಟ್ ಇಲ್ಲ, ಇಬ್ಬರೂ ಖುಷಿ."

ಗೆಳೆಯರ ಮನೆಗಳಲ್ಲಿ ಮಾಲಿನಿ ಕೊಟ್ಟ ಹಲಗೆಗಳು ಇದ್ದವು. ಅವನ್ನೇ ಒಟ್ಟು ಮಾಡಿದರು. ಗೋಡೆಗೆ ತೂಗು ಹಾಕದೆ ಹಾಲಿನ ನಡುವೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಸುತ್ತು ಬಂದು ಹಿಂಭಾಗವನ್ನೂ ಓದಬೇಕು. ಬ್ಯಾನರಿನಲ್ಲಿ ಅವಳ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ ಮಾತ್ರ. ಜನ ಹಲಗೆಯ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಹಿಂದೆ ನಿಂತರಂತೆ. ಸುಧಾಳ ಶಾಲೆಯಿಂದ ಇಬ್ಬರು ಬಂದಿದ್ದರು. ಒಬ್ಬರು ಕೈ ಹಿಡಿದುಕೊಂಡು ಏನೂ ಹೇಳದೆ ಹೋದರು. ಇನ್ನೊಬ್ಬರು, "ನಂಗೆ ಮೊದ್ಲೇ ಗೊತ್ತಿತ್ತು, ನೀವು ಹೇಳ್ಲಿಲ್ಲ ಅಂತ ನಾನೂ ಕೇಳ್ಲಿಲ್ಲ" ಅಂದರಂತೆ. ಎಲ್ಲ ಶಾಲೆಗಳೂ ಹೀಗಿರುವುದಿಲ್ಲ ಅನ್ನುವುದು ನನಗೆ ಗೊತ್ತು. ಟೀಚರ್ ಭಯ ಪಟ್ಟದ್ದು ಸುಮ್ನೆ ಅಲ್ಲ.

ಮತ್ತೆ ಕೆಲವರು ನನ್ನನ್ನು ಕೇಳುವುದುಂಟು, ಸುಧಾಗೆ ಇನ್ನೂ ವಯಸ್ಸಿದೆ, ಈಗಲಾದರೂ ಮದುವೆಯಾಗಲು ಹೇಳಬಾರದಿತ್ತಾ ಅಂತ. ಇಲ್ಲ. ಗಂಡ ತೀರಿಕೊಂಡ ವಾರ ಯಾರಿಗೂ ಹೀಗೆ ಹೇಳುವುದಿಲ್ಲ ತಾನೇ? ಮನಸ್ಸು "ತಿರುಗಿಸುವ" ಚಿಕಿತ್ಸೆ ಕೊಡುವುದು ವೃತ್ತಿದೋಷ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೈದ್ಯರಿಗೆ ಹೇಳಿದೆ. ಆಪ್ತಸಲಹೆಯ ಹೆಸರಿನಲ್ಲಿ ಅದನ್ನು ಮಾಡುವವರು ಇದ್ದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಬದುಕಿರುವ ಜೋಡಿಗಳಿಗೆ. ಇದನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ, ಕೆಲವರಿಗೆ ಕಿರಿಕಿರಿ ಆಗುತ್ತದೆ. ಉಯಿಲು ಬರೆಯಿರಿ. ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಪೇಪರ್ ಬೇಡ. ಸಹಿ ಹಾಕಿ, ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕು. ಏನಾದರೂ ಸಿಗಬೇಕಾದವರೇ ಸಾಕ್ಷಿ ಆಗಬಾರದು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಕಲಾವಿದರಾದರೆ ಕೃತಿಗಳು ಯಾರಿಗೆ, ಕೃತಿಸ್ವಾಮ್ಯ ಯಾರಿಗೆ ಅಂತ ಬೇರೆ ಬೇರೆಯಾಗಿ ಬರೆಯಿರಿ. ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿ ಇಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟ ಮಾಡಿದೆ. ಬ್ಯಾಂಕಿನವರು ತಲೆ ಕೆರೆದುಕೊಂಡರೆ ಅದನ್ನು ತೋರಿಸಿ. ಅದೇ ತಿಂಗಳು ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಸಂಗಾತಿ ಶವ ಪಡೆಯುವ ಮಾತೂ ಇತ್ತು. ಆದರೆ ಹತ್ತಿರದ ಬಂಧುಗಳು ಸಿಗದಿದ್ದಾಗ ಮಾತ್ರ. ಸುಧಾಳ ಹಾಗೆ ಅಣ್ಣ ಎದುರೇ ನಿಂತಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ. ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ 2017ರ ಕಾಯ್ದೆ ಚೆನ್ನಾಗಿದೆ, ನಿಮ್ಮ ಪ್ರತಿನಿಧಿ ಯಾರು ಅಂತ ನೀವೇ ಬರೆದುಕೊಡಬಹುದು, ರಕ್ತಸಂಬಂಧಿಯೇ ಆಗಬೇಕಿಲ್ಲ. ಬೇರೆ ಕಾಯಿಲೆಗೆ ಇಷ್ಟು ಸಲೀಸು ಇಲ್ಲ.

ಗೆಳೆಯರಿಗೆ ಹೇಳುವುದೂ ಇದೆ. ಕೆನೆತ್ ಡೋಕಾ ಅನ್ನುವ ಅಮೆರಿಕದ ವಿದ್ವಾಂಸರು 1989ರ ಹೊತ್ತಿಗೇ ಇಂಥ ದುಃಖದ ಬಗ್ಗೆ ಬರೆದರು. ಸಮಾಜ ಗುರುತಿಸದ ನಷ್ಟಕ್ಕೆ ಬಹಿರಂಗವಾಗಿ ಅಳುವ ಅವಕಾಶವೂ ಸಿಗುವುದಿಲ್ಲ, ಅದರಿಂದ ದುಃಖ ಇನ್ನೂ ಜಾಸ್ತಿ ಕಟ್ಟಿಕೊಳ್ಳುತ್ತದೆ ಅಂತ. ಸುಧಾಗೆ ಶಾಲೆಯಿಂದ ರಜೆ ಸಿಕ್ಕಿದ್ದು "ಜ್ವರ" ಅಂತ ಬರೆದು. ಕಾರ್ಯಕ್ರಮ ಮುಗಿದ ಮೇಲೆ ಗೆಳೆಯರು ಚದುರುತ್ತಾರೆ, ಅವಳ ಮನೆ ಬಾಡಿಗೆ ಅವಳೊಬ್ಬಳ ಮೇಲೆ ಬೀಳುತ್ತದೆ. ಈ ಗುಂಪು ಬಾಡಿಗೆಯ ಅರ್ಧ ಹಂಚಿಕೊಂಡಿತು, ಲೀಸ್ ಮುಗಿಯುವವರೆಗೆ. ನಾನು ಹೇಳಿದ್ದಲ್ಲ, ಟೀಚರ್ ತಾವೇ ಮಾಡಿದ್ದು. ನುಡಿನಮನಕ್ಕಿಂತ ಇದಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಸುಧಾ ಅಮ್ಮನ ಮನೆಗೆ ಹೋದಳು. ಹೇಳಬೇಕಾದ್ದನ್ನು ಹೇಳಿದಳು. ಅಮ್ಮ ತಕ್ಷಣ ಏನೂ ಅನ್ನಲಿಲ್ಲ, ಊಟ ಮಾಡಿಕೊಂಡು ಹೋಗು ಅಂದರು. ಆಟಿ ಬಂತು, ಹೋಯಿತು, ಮದುವೆ ಆಗಲಿಲ್ಲ. ಗಂಡಿನ ಕಡೆಯವರ ಕುಲ, ಬಳಿ ಸರಿ ಹೊಂದಲಿಲ್ಲ ಅಂತ ಅಣ್ಣ ಊರಿಗೆ ಹೇಳಿದ. ನಿಜ ಕಾರಣ ಅದೇನಾ, ಅಮ್ಮ ತಡೆದರಾ, ಸುಧಾ ಕೇಳಲಿಲ್ಲ. ಸ್ಕೆಚ್ ಪುಸ್ತಕಗಳಲ್ಲಿ ಮೂರು ಅವಳಿಗೆ ಸಿಕ್ಕಿವೆ. ದೊಡ್ಡ ಹಲಗೆಗಳು ಅಲ್ಲೇ ಇವೆ. ಒಂದನ್ನು ಅಣ್ಣ ಚಾವಡಿಯಲ್ಲಿ ತೂಗು ಹಾಕಿದ್ದಾನೆ, ಗೋಡೆಗೆ ಒತ್ತಿ.

ಕಿರಣ್ ಈಗಲೂ ನನ್ನ ಸಲಹೆಯನ್ನು ಒಪ್ಪುವುದಿಲ್ಲ. ಬ್ಯಾನರಿನಲ್ಲಿ ಆ ಪದ ಇದ್ದಿದ್ದರೆ ಆ ದಿನ ಹಾಲಿಗೆ ಬಂದ ಕಾಲೇಜು ಹುಡುಗಿಯರಲ್ಲಿ ಯಾರೋ ಒಬ್ಬಳಿಗಾದರೂ ತಾನು ಒಬ್ಬಳೇ ಅಲ್ಲ ಅಂತ ಗೊತ್ತಾಗುತ್ತಿತ್ತು ಅನ್ನುತ್ತಾನೆ. ಇರಬಹುದು. ಅವನೀಗ ಮಾಲಿನಿಯ ಬಗ್ಗೆ ಒಂದು ಪುಸ್ತಿಕೆ ಮಾಡುತ್ತಿದ್ದಾನೆ, ಅದರಲ್ಲಿ ಆ ಪದ ಇರುತ್ತದೆ, ಸುಧಾ ಒಪ್ಪಿದ್ದಾಳೆ. ಚಿತ್ರಗಳನ್ನು ಅಚ್ಚು ಹಾಕಲು ಅಮ್ಮನ ಸಹಿ ಬೇಕು. ಅದಕ್ಕಾಗಿ ಸುಧಾ ಕಾಗದ ಹಿಡಿದುಕೊಂಡು ಮುಂದಿನ ಭಾನುವಾರ ಉಡುಪಿ ಬಸ್ ಹತ್ತುತ್ತಾಳೆ. ಈ ಸಲ ಏನು ಹೇಳಬೇಕು ಅಂತ ನನ್ನನ್ನು ಕೇಳಲು ಬರಲಿಲ್ಲ, ಫೋನಿನಲ್ಲಿ ವಿಷಯ ತಿಳಿಸಿದಳು ಅಷ್ಟೇ.